ಕಾಣುವ ದುಡ್ಡು, ಕಾಣದ ದುಡ್ಡು

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಕ್ಯೂಆರ್ ಕೋಡ್‌ಗಳು ಒಂದೊಂದಾಗಿ ಮಾಯವಾದವು. ಆ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಕಾರಣ ಎಲ್ಲರಿಗೂ ಗೊತ್ತಿತ್ತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚಿನ ಯುಪಿಐ ಲೆಕ್ಕ ತರಿಸಿಕೊಂಡು ನೋಡಿತ್ತು. ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯಾದರೆ 20 ಲಕ್ಷ ಮೀರಿ ದುಡ್ಡು ಬಂದಿದ್ದೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ತರಕಾರಿ, ಹಾಲಿಗೆ ಜಿಎಸ್‌ಟಿಯೇ ಇಲ್ಲ. ಅವನ್ನು ಮಾರುವವರಿಗೂ ನೋಟಿಸ್ ಹೋಯಿತು. ನೆಂಟರು ಕೊಟ್ಟ ಕೈಸಾಲವೂ ವ್ಯಾಪಾರದ ದುಡ್ಡೂ ಒಂದೇ ಖಾತೆಗೆ ಬೀಳುತ್ತದೆ, ಅದನ್ನೆಲ್ಲ ವಹಿವಾಟು ಅಂತ ಲೆಕ್ಕ ಹಾಕಿದರೆ ಹೇಗೆ ಎಂದು ಅಂಗಡಿಯವರು ಗೋಳಾಡಿದರು. ಬಂದ್‌ಗೆ ಕರೆ ಹೋಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಆ ದಿನಗಳಲ್ಲಿ ಸಂಬಳದಾರರ ಮಾತು ಒಂದೇ ಧಾಟಿಯಲ್ಲಿತ್ತು. ನಮ್ಮ ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಾರೆ, ಈ ಅಂಗಡಿಯವರಿಗೇನು ದಾಡಿ? ಕೇಳಲಿಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ ಹಲವೆಡೆ ಇನ್ನೊಂದು ತಪಾಸಣೆ ಶುರು ಮಾಡಿತ್ತು. ಅದರ ಕಣ್ಣು ಬಿದ್ದದ್ದು ಕಮಿಷನ್ ಆಸೆಗೆ ಸುಳ್ಳು ವಿನಾಯಿತಿ ಸೇರಿಸಿ ರಿಟರ್ನ್ ತುಂಬಿಕೊಡುವ ಏಜೆಂಟರ ಮೇಲೆ. ಕೊಡದ ರಾಜಕೀಯ ದೇಣಿಗೆ, ಕಟ್ಟದ ಬಾಡಿಗೆ, ಮಾಡದ ವಿಮೆ, ತೆಗೆಯದ ಶಿಕ್ಷಣ ಸಾಲ, ಎಲ್ಲಕ್ಕೂ ಲೆಕ್ಕ ತೋರಿಸಿ ರೀಫಂಡ್ ತೆಗೆಸಿಕೊಡುವುದು ಇವರ ಕಸುಬು. ಗಿರಾಕಿಗಳಲ್ಲಿ ಬಹುರಾಷ್ಟ್ರೀಯ ಕಂಪನಿಯವರು, ಸರ್ಕಾರಿ ನೌಕರರು, ಶಿಕ್ಷಣ ಸಂಸ್ಥೆಗಳವರು ಎಲ್ಲರೂ ಇದ್ದರು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ವಾಪಸ್ ತೆಗೆದುಕೊಂಡಿದ್ದರು ಎಂದು ಇಲಾಖೆಯೇ ಹೇಳಿತು. ತಾವಾಗಿಯೇ ಅಂದರೆ, ನಿಮ್ಮ ವಿಷಯ ನಮಗೆ ಗೊತ್ತಾಗಿದೆ ಎಂಬ ಸಂದೇಶ ಮೊಬೈಲಿಗೆ ಬಂದ ಮೇಲೆ.

ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಅಂಗಡಿಯವರು ಕಳ್ಳರು, ಸಂಬಳದವರು ಸತ್ಯವಂತರು ಎಂಬ ನಂಬಿಕೆ ನಿಲ್ಲುವುದಿಲ್ಲ. ಸಂಬಳ ಎಷ್ಟು ಎಂಬುದರಲ್ಲಿ ನೌಕರನಿಗೆ ಸುಳ್ಳು ಹೇಳಲು ಜಾಗವಿಲ್ಲ, ಆದ್ದರಿಂದ ಹೇಳುವುದಿಲ್ಲ. ವಿನಾಯಿತಿಯ ಕಾಲಂನಲ್ಲಿ ಜಾಗವಿದೆ, ಅಲ್ಲಿ ಹೇಳುತ್ತಾನೆ. ಅಂಗಡಿಯವನಿಗೆ ವಹಿವಾಟಿನಲ್ಲೇ ಜಾಗವಿತ್ತು. ಯುಪಿಐ ಬಂದು ಅದನ್ನು ಕಿತ್ತುಕೊಂಡಿತು, ಅವನು ಮತ್ತೆ ನಗದಿಗೆ ಓಡಲು ನೋಡಿದ. ತೆರಿಗೆಯ ಪ್ರಾಮಾಣಿಕತೆ ಮನುಷ್ಯನ ಗುಣಕ್ಕಿಂತ ದುಡ್ಡು ಯಾವ ದಾರಿಯಲ್ಲಿ ಬಂತು ಎಂಬುದಕ್ಕೆ ಹೆಚ್ಚು ಕಟ್ಟುಬಿದ್ದಿದೆ ಎಂಬುದು ನನ್ನ ವಾದ. ಪೂರ್ತಿ ಅಲ್ಲ, ಬಹುಪಾಲು.

ಇದು ನಮ್ಮವರ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ತೆರಿಗೆ ಇಲಾಖೆ ಆಗಾಗ ಒಂದು ಅಂದಾಜು ಪ್ರಕಟಿಸುತ್ತದೆ. ಸಂಬಳದಂತೆ ಮೂಲದಲ್ಲೇ ತೆರಿಗೆ ಕಡಿತವಾಗುವ ಆದಾಯದಲ್ಲಿ ಮುಚ್ಚಿಡುವ ಪಾಲು ನೂರಕ್ಕೆ ಒಂದರಷ್ಟು. ಬೇರೆ ಯಾರೂ ಇಲಾಖೆಗೆ ವರದಿ ಮಾಡದ ಆದಾಯದಲ್ಲಿ ಅದು ನೂರಕ್ಕೆ 55. ದೇಶ ಒಂದೇ, ಕಾನೂನು ಒಂದೇ, ಎಷ್ಟೋ ಸಲ ಮನುಷ್ಯನೂ ಒಬ್ಬನೇ: ಹಗಲು ಕಂಪನಿಯಲ್ಲಿ ನೌಕರಿ, ವಾರಾಂತ್ಯದಲ್ಲಿ ಸ್ವಂತ ಕಸುಬು. ಡೆನ್ಮಾರ್ಕಿನ ಜನ ಸರ್ಕಾರವನ್ನು ನಂಬುವವರು, ಲಂಚ ಕಾಣದವರು ಎಂದು ಹೆಸರಾದವರು. ಅಲ್ಲಿ ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಸಂಗಡಿಗರು ತೆರಿಗೆ ಇಲಾಖೆಯ ಜೊತೆ ಸೇರಿ 40,000ಕ್ಕೂ ಹೆಚ್ಚು ತೆರಿಗೆದಾರರ ಮೇಲೆ ಪ್ರಯೋಗ ನಡೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಲೀಕರು, ಬ್ಯಾಂಕುಗಳು ಮೊದಲೇ ಇಲಾಖೆಗೆ ತಿಳಿಸಿದ್ದ ಆದಾಯದಲ್ಲಿ ವಂಚನೆ ಸೊನ್ನೆಗೆ ಹತ್ತಿರ. ತೆರಿಗೆದಾರನೇ ಹೇಳಿಕೊಳ್ಳಬೇಕಾದ ಆದಾಯದಲ್ಲಿ ಮಾತ್ರ ಡೇನರೂ ನಮ್ಮ ನಿಮ್ಮಂತೆಯೇ.

ಅರ್ಥಶಾಸ್ತ್ರದ ಹಳೆಯ ಲೆಕ್ಕಾಚಾರ ಬೇರೆ ಇತ್ತು. 1972ರಲ್ಲಿ ಮೈಕಲ್ ಆಲಿಂಗ್‌ಹ್ಯಾಮ್ ಮತ್ತು ಆಗ್ನರ್ ಸಾಂಡ್ಮೊ ಬರೆದ ಪ್ರಬಂಧದ ಪ್ರಕಾರ ತೆರಿಗೆ ತಪ್ಪಿಸುವುದು ಒಂದು ಜೂಜು. ಸಿಕ್ಕಿಬೀಳುವ ಸಂಭವ ಎಷ್ಟು, ಸಿಕ್ಕಿಬಿದ್ದರೆ ದಂಡ ಎಷ್ಟು, ಉಳಿಯುವ ದುಡ್ಡೆಷ್ಟು ಎಂದು ತೂಗಿ ನೋಡಿ ಮನುಷ್ಯ ತೀರ್ಮಾನಿಸುತ್ತಾನೆ. ಹಾಗೆ ತೂಗುವವನು ನಮ್ಮ ದೇಶದಲ್ಲಿ ಒಂದು ಕಾಸೂ ಕಟ್ಟಬಾರದು. 2012-13ರಲ್ಲಿ ಸಲ್ಲಿಕೆಯಾದ ರಿಟರ್ನುಗಳಲ್ಲಿ ಪರಿಶೀಲನೆಗೆ ಎತ್ತಿಕೊಂಡದ್ದು ಶೇ 0.94, 2018-19ರ ಹೊತ್ತಿಗೆ ಅದು ಶೇ 0.26ಕ್ಕೆ ಇಳಿದಿತ್ತು. 2020ರ ಆಗಸ್ಟ್‌ನಲ್ಲಿ ಮುಖ ನೋಡದೆ ಪರಿಶೀಲಿಸುವ ‘ಫೇಸ್‌ಲೆಸ್’ ವ್ಯವಸ್ಥೆಯನ್ನು ದೇಶಕ್ಕೆ ಅರ್ಪಿಸುವಾಗ ಪ್ರಧಾನಿಯವರು ಈ ಅಂಕಿ ಹೇಳಿದ್ದು ಹೆಮ್ಮೆಯಿಂದ. ನಾಲ್ಕುನೂರು ಜನರಲ್ಲಿ ಒಬ್ಬನನ್ನು ಹಿಡಿಯುವ ಪೊಲೀಸನಿಗೆ ಯಾರು ಹೆದರುತ್ತಾರೆ? ಆದರೂ ಜನ ಕಟ್ಟುತ್ತಾರೆ. ಒಂದು ಕಾರಣ ಆಗಲೇ ಹೇಳಿದ್ದು: ತಪ್ಪಿಸಲು ಆಗುವುದೇ ಇಲ್ಲ. 2021ರ ಕೊನೆಯಲ್ಲಿ ಬಂದ ‘ಎಐಎಸ್’ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ಒಮ್ಮೆ ತೆರೆದು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮರೆತೇಹೋಗಿದ್ದ ಉಳಿತಾಯ ಖಾತೆಯ ಬಡ್ಡಿ, ಷೇರಿನ ಡಿವಿಡೆಂಡು, ಮಾರಿದ ಮ್ಯೂಚುವಲ್ ಫಂಡು, ಕೊಂಡ ಸೈಟು ಎಲ್ಲವೂ ಅಲ್ಲಿ ಕೂತಿರುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ! ಪ್ಯಾನ್ ನಂಬರಿಗೆ ಅಂಟಿದ ದುಡ್ಡು ಇವತ್ತಲ್ಲ ನಾಳೆ ಆ ಪಟ್ಟಿಗೆ ಬಂದೇ ಬರುತ್ತದೆ.  

ಕಾಣುವ ದುಡ್ಡಿನ ಕಥೆ ಇಷ್ಟೇ, ಸರಳ. ಕಾಣದ ದುಡ್ಡನ್ನೂ ಕೆಲವರು ತೋರಿಸುತ್ತಾರಲ್ಲ, ಯಾಕೆ ಎಂಬುದು ಕಷ್ಟದ ಪ್ರಶ್ನೆ.

ಪಕ್ಕದ ಮನೆಯವನನ್ನು ನೋಡಿ ಎಂಬುದು ಒಂದು ಉತ್ತರ. 2011ರಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಬಾಕಿದಾರರಿಗೆ ಕಳಿಸುವ ನೆನಪೋಲೆಯಲ್ಲಿ ಒಂದೆರಡು ವಾಕ್ಯ ಬದಲಿಸಿ, ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗಿಸಿ ನೋಡಿತು. ಹತ್ತರಲ್ಲಿ ಒಂಬತ್ತು ಮಂದಿ ಸಮಯಕ್ಕೆ ಸರಿಯಾಗಿ ಕಟ್ಟಿದ್ದಾರೆ, ಕಟ್ಟದಿರುವ ಸಣ್ಣ ಗುಂಪಿನಲ್ಲಿ ನೀವಿದ್ದೀರಿ ಎಂಬ ಅರ್ಥದ ಸಾಲುಗಳಿದ್ದ ಪತ್ರ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಪತ್ರ ತಲುಪಿದ ಮೂರ್ನಾಲ್ಕು ವಾರದೊಳಗೆ ಕಟ್ಟಿದವರ ಪ್ರಮಾಣ ನೂರಕ್ಕೆ ಐದರಷ್ಟು ಹೆಚ್ಚಿತ್ತು. ಖರ್ಚು, ಶಾಯಿಯಷ್ಟೇ. ಈ ಪತ್ರವನ್ನು ಕನ್ನಡಕ್ಕೆ ಇಳಿಸಿ ಇಲ್ಲಿ ಹಂಚಿದರೆ ಏನಾದೀತು? 2015-16ರ ಆರ್ಥಿಕ ಸಮೀಕ್ಷೆ ನಮ್ಮಲ್ಲಿ ನೂರು ಮತದಾರರಿಗೆ ಸುಮಾರು ನಾಲ್ಕು ತೆರಿಗೆದಾರರು ಎಂದು ಲೆಕ್ಕ ಹಾಕಿತ್ತು. ನೂರರಲ್ಲಿ ನಾಲ್ವರು ಕಟ್ಟುತ್ತಾರೆ, ನೀವೂ ಅವರನ್ನು ಸೇರಿ ಎಂದು ಬರೆದರೆ ಓದಿದವನು ಆ ನಾಲ್ವರನ್ನು ಕಂಡು ಅಯ್ಯೋ ಪಾಪ ಅಂದಾನು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, ಬಹಳಷ್ಟು ಜನರ ಗಳಿಕೆ ತೆರಿಗೆಯ ಮಿತಿಯನ್ನೇ ಮುಟ್ಟುವುದಿಲ್ಲ. ಹಾಗಾಗಿ ಉಳಿದ ತೊಂಬತ್ತಾರು ಮಂದಿ ವಂಚಕರೇನಲ್ಲ. ಆದರೆ ಎಲ್ಲರೂ ಕಟ್ಟುತ್ತಿದ್ದಾರೆ ಎಂಬ ಭಾವನೆ ಹುಟ್ಟಬೇಕಾದರೆ ಕಟ್ಟುವವರು ಕಣ್ಣಿಗೆ ಕಾಣಬೇಕು. ನಮ್ಮಲ್ಲಿ ಹತ್ತಿರದಲ್ಲಿ ಕಾಣುವುದು ಇನ್ನೊಂದು: ಮೂರಂತಸ್ತಿನ ಮನೆ, ಎರಡು ಕಾರು, ರಿಟರ್ನ್ ಮಾತ್ರ ನಿಲ್.

ಬೆದರಿಕೆಯ ಪತ್ರವೂ ಎಲ್ಲರ ಮೇಲೆ ಒಂದೇ ಥರ ಕೆಲಸ ಮಾಡುವುದಿಲ್ಲ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 1995ರಲ್ಲಿ ಕೆಲವರಿಗೆ, ಈ ಸಲ ನಿಮ್ಮ ಲೆಕ್ಕವನ್ನು ಖಂಡಿತ ಪರಿಶೀಲಿಸುತ್ತೇವೆ ಎಂದು ಮುಂಚಿತವಾಗಿಯೇ ಬರೆಯಲಾಯಿತು. ಕೆಳ ಮತ್ತು ಮಧ್ಯಮ ವರ್ಗದವರು ಹೆದರಿ ಹೆಚ್ಚು ಆದಾಯ ತೋರಿಸಿದರು. ಭಾರಿ ಶ್ರೀಮಂತರು ಹಿಂದಿಗಿಂತ ಕಡಿಮೆ ತೋರಿಸಿದರು! ಅವರಿಗೆ ಪರಿಶೀಲನೆ ಎಂದರೆ ವಕೀಲರನ್ನೂ ಲೆಕ್ಕಿಗರನ್ನೂ ಮುಂದಿಟ್ಟುಕೊಂಡು ನಡೆಸುವ ಚೌಕಾಸಿ. ಚೌಕಾಸಿಯಲ್ಲಿ ಮೊದಲ ಬೆಲೆಯನ್ನು ಯಾರಾದರೂ ಹೆಚ್ಚಾಗಿ ಹೇಳುತ್ತಾರೆಯೇ? ಅದೇ ಪ್ರಯೋಗದಲ್ಲಿ, ನಿಮ್ಮ ತೆರಿಗೆಯಿಂದ ಶಾಲೆ ನಡೆಯುತ್ತದೆ ಎಂಬಂಥ ನೀತಿಬೋಧೆಯ ಪತ್ರಗಳು ಹೇಳಿಕೊಳ್ಳುವಂಥ ಪರಿಣಾಮ ಬೀರಲಿಲ್ಲ. ನಮ್ಮ ಬಸ್ ನಿಲ್ದಾಣಗಳ ಫಲಕಗಳಲ್ಲಿ ಇನ್ನೂ ಅದೇ ಬೋಧೆ ನಡೆದಿದೆ. ನಮ್ಮಲ್ಲಿ ಕೆಲಸ ಮಾಡಿದ್ದು, ಇಲಾಖೆಗೆ ಗೊತ್ತಿರುವುದನ್ನು ಮೆತ್ತಗೆ ತಿಳಿಸುವ ಉಪಾಯ. 2024ರ ನವೆಂಬರಿನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ, ವಿದೇಶದಲ್ಲಿ ಆಸ್ತಿ ಇದ್ದೂ ರಿಟರ್ನಿನಲ್ಲಿ ಹೇಳದವರಿಗೆ ಸಂದೇಶ ಕಳಿಸಿತು. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ರಿಟರ್ನ್ ಪರಿಷ್ಕರಿಸಿದರು, 29,000 ಕೋಟಿ ರೂಪಾಯಿ ಮೀರಿದ ಆಸ್ತಿ ಹೊರಬಂತು. ದಾಳಿಯಿಲ್ಲ, ಜಪ್ತಿಯಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಮೆರಿಕದ ಮಾತೃಸಂಸ್ಥೆಯ ಷೇರನ್ನು ಸಂಬಳದ ಭಾಗವಾಗಿ ಪಡೆದವರು ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಅದು ಘೋಷಿಸಬೇಕಾದ ವಿದೇಶಿ ಆಸ್ತಿ ಎಂಬುದೇ ಹೊಳೆದಿರಲಿಕ್ಕಿಲ್ಲ. ವಂಚನೆ ಎಂದು ಎಣಿಸುವುದರಲ್ಲಿ ಒಂದು ಪಾಲು ಬರೀ ಅಜ್ಞಾನ, ಇನ್ನೊಂದು ಪಾಲು ಸೋಮಾರಿತನ.

ಮಾನ ಕಳೆಯುವ ದಾರಿಯೂ ಉಂಟು. 2006ರಲ್ಲಿ ಪಟ್ನಾ ಪಾಲಿಕೆ ಬಾಕಿದಾರರ ಮನೆ ಮುಂದೆ ಹಾಡಿ ಕುಣಿಯಲು ಮಂಗಳಮುಖಿಯರನ್ನು ನೇಮಿಸಿತ್ತು. ಬೆಂಗಳೂರಿನ ಪಾಲಿಕೆಯೂ ದೊಡ್ಡ ಬಾಕಿದಾರರ ಕಟ್ಟಡಗಳೆದುರು ತಮಟೆ ಬಾರಿಸಿದ್ದುಂಟು. ಪತ್ರಿಕೆಗಳಿಗೆ ಒಳ್ಳೆಯ ಫೋಟೊ ಸಿಕ್ಕಿತು. ನನಗೆ ಈ ಪದ್ಧತಿ ಹಿಡಿಸುವುದಿಲ್ಲ: ಹಾಡುವವರಿಗೂ ತಮಟೆಯವರಿಗೂ ಸಮಾಜ ಅಂಟಿಸಿರುವ ಕೀಳುಭಾವನೆಯನ್ನೇ ಸರ್ಕಾರ ಆಯುಧ ಮಾಡಿಕೊಂಡಂತೆ ಅದು. ನಾರ್ವೆಯ ದಾರಿ ಇದಕ್ಕಿಂತ ನಾಜೂಕು. ಅಲ್ಲಿ ಯಾರ ಆದಾಯ ಎಷ್ಟು, ಕಟ್ಟಿದ ತೆರಿಗೆ ಎಷ್ಟು ಎಂಬುದು ಬಹಿರಂಗ ದಾಖಲೆ. 2001ರಲ್ಲಿ ಆ ಪಟ್ಟಿ ಅಂತರ್ಜಾಲಕ್ಕೆ ಬಂದ ಮೇಲೆ, ಅದುವರೆಗೆ ಪಟ್ಟಿ ಸುಲಭವಾಗಿ ಸಿಗದಿದ್ದ ಊರುಗಳ ಸ್ವಂತ ವ್ಯವಹಾರಸ್ಥರು ತೋರಿಸುವ ಆದಾಯ ಸರಾಸರಿ ಶೇ 3ರಷ್ಟು ಏರಿತು. ಜನ ಅದನ್ನು ಭಾವಮೈದುನನ ಸಂಬಳ ನೋಡಲಿಕ್ಕೂ ಬಳಸತೊಡಗಿದ್ದರಿಂದ, 2014ರಿಂದ ನಿಮ್ಮ ಲೆಕ್ಕ ಯಾರು ನೋಡಿದರು ಎಂಬುದು ನಿಮಗೂ ತಿಳಿಯುವಂತೆ ಮಾಡಿದರು. ಕೂಡಲೇ ನೋಡುವವರೇ ಕಡಿಮೆಯಾಗಿಬಿಟ್ಟರು.

ಇನ್ನು ನ್ಯಾಯದ ಮಾತು. 1973-74ರಲ್ಲಿ ನಮ್ಮ ಆದಾಯ ತೆರಿಗೆಯ ತುತ್ತತುದಿಯ ದರ ಮೇಲ್ತೆರಿಗೆ ಸೇರಿ ಶೇ 97.75 ಇತ್ತು. ಆ ಮಟ್ಟದಲ್ಲಿ ದುಡಿದ ನೂರು ರೂಪಾಯಿಯಲ್ಲಿ ಕೈಯಲ್ಲಿ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ. ಕಪ್ಪುಹಣಕ್ಕೆ ಇಂಥ ದರವೇ ಮೂಲ, ಶೇ 75ಕ್ಕೆ ಇಳಿಸಿ ಎಂದು ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು. ಆ ಕಾಲದಲ್ಲಿ ಎರಡು ಲೆಕ್ಕದ ಪುಸ್ತಕ ಇಡುವುದು ವ್ಯಾಪಾರಸ್ಥರಲ್ಲಿ ರೂಢಿಯಾಯಿತು. ದರ ಇಳಿದ ಮೇಲೂ ರೂಢಿ ಇಳಿಯಲಿಲ್ಲ. 1997ರ ಬಜೆಟ್ಟಿನಲ್ಲಿ 10, 20, 30 ಎಂಬ ಮೂರು ದರಗಳು ಬಂದವು. ಅದೇ ವರ್ಷ, ಇಂಥ ಸುಧಾರಣೆಗೆ ಮಣ್ಣೆರಚುವ ಕೆಲಸವೂ ಆಯಿತು. ಸ್ವಯಂ ಆದಾಯ ಘೋಷಣೆ ಯೋಜನೆಯಡಿ ಬಚ್ಚಿಟ್ಟ ದುಡ್ಡಿಗೆ 30ರ ದರದಲ್ಲಿ ತೆರಿಗೆ ಕಟ್ಟಿದರೆ ಬಡ್ಡಿಯಿಲ್ಲ, ದಂಡವಿಲ್ಲ, ಮೊಕದ್ದಮೆಯಿಲ್ಲ. ಸುಮಾರು 33,000 ಕೋಟಿ ರೂಪಾಯಿ ಹೊರಬಂತು. ಹಳೆಯ ಚಿನ್ನವನ್ನು 1987ರ ಬೆಲೆಯಲ್ಲಿ ಲೆಕ್ಕ ಹಾಕಲು ಅವಕಾಶವಿದ್ದುದರಿಂದ ಎಷ್ಟೋ ಜನ ತಮ್ಮ ಕಪ್ಪುಹಣ ಚಿನ್ನದ ರೂಪದಲ್ಲೇ ಇತ್ತು ಎಂದು ಘೋಷಿಸಿದರು. ಮಹಾಲೇಖಪಾಲರ ವರದಿ ಇದನ್ನು ಪ್ರಾಮಾಣಿಕ ತೆರಿಗೆದಾರರಿಗೆ ಮಾಡಿದ ವಂಚನೆ ಎಂದೇ ಖಂಡಿಸಿತು. ವರ್ಷ ವರ್ಷ ತಪ್ಪದೆ ಕಟ್ಟಿದವನಿಗೆ ಸಿಕ್ಕಿದ್ದು ಏನೂ ಇಲ್ಲ. ತಪ್ಪಿಸಿದವನು ಉಂಡೂ ಹೋದ, ಕೊಂಡೂ ಹೋದ. 1951, 1965, 1975, 1997, ಮತ್ತೆ ದರ ಏರಿಸಿಕೊಂಡು 2016, ಹೀಗೆ ಕ್ಷಮಾದಾನ ಬರುತ್ತಲೇ ಇದ್ದರೆ ಕಾದು ಕೂರುವುದೇ ಜಾಣತನ ಎಂದು ಜನ ಕಲಿಯದೆ ಇನ್ನೇನು ಮಾಡಿಯಾರು? ಬೆಂಗಳೂರಿನಲ್ಲಿ 2024ರಲ್ಲಿ ಆಸ್ತಿ ತೆರಿಗೆ ಬಾಕಿಗೆ ಬಡ್ಡಿ ಮನ್ನಾ, ದಂಡದಲ್ಲಿ ರಿಯಾಯಿತಿ ಕೊಟ್ಟಾಗ, ಏಪ್ರಿಲಿನಲ್ಲೇ ಕಟ್ಟಿ ಶೇ 5ರ ರಿಯಾಯಿತಿ ಪಡೆದು ಬೀಗಿದ್ದ ಹಿರಿಯರೊಬ್ಬರು ನನ್ನೆದುರು ಗೊಣಗಿದ್ದು ಇದನ್ನೇ.

ಆಸ್ತಿ ತೆರಿಗೆಯ ಮಾತು ಬಂತಲ್ಲ, ಅಲ್ಲೊಂದು ವಿಚಿತ್ರವಿದೆ. ಗುಂಡಿ ಬಿದ್ದ ರಸ್ತೆ ನೋಡಿ ತೆರಿಗೆ ಯಾಕೆ ಕಟ್ಟಬೇಕು ಎನ್ನುವ ನಗರದಲ್ಲೇ, ರೆವಿನ್ಯೂ ಬಡಾವಣೆಗಳ ಜನ ರಸ್ತೆಯೇ ಇಲ್ಲದಿದ್ದರೂ ಕಂದಾಯ ಕಟ್ಟಲು ಸಾಲು ನಿಲ್ಲುತ್ತಾರೆ. ಅವರಿಗೆ ಬೇಕಿರುವುದು ರಸೀದಿ. ಬಿ ಖಾತೆಯ ಮನೆಗೆ ಕಂದಾಯದ ರಸೀದಿ ಹಕ್ಕುಪತ್ರವಾಗುವುದಿಲ್ಲ ಎಂದು ಕಾನೂನು ಎಷ್ಟೇ ಹೇಳಲಿ, ನಾಳೆ ಯಾರಾದರೂ ಬಂದು ಕೇಳಿದರೆ ತೋರಿಸಲು ಸರ್ಕಾರದ ಮೊಹರಿರುವ ಒಂದು ಕಾಗದ ಅದು. ಆದಾಯ ತೆರಿಗೆಯಲ್ಲೂ ಹೀಗೇ. ಗೃಹಸಾಲಕ್ಕೆ ಬ್ಯಾಂಕಿಗೆ ಹೋದರೆ ಸಾಮಾನ್ಯವಾಗಿ ಹಿಂದಿನ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಆದಾಯವನ್ನೆಲ್ಲ ಮುಚ್ಚಿಟ್ಟ ವ್ಯಾಪಾರಿಗೆ ಸಾಲ ಹುಟ್ಟುವುದಿಲ್ಲ. ಮಗಳು ಟೆಕ್ಸಸ್‌ನಲ್ಲಿ ಹೆತ್ತಳೆಂದು ಬಾಣಂತನಕ್ಕೆ ಹೊರಟ ತಂದೆ-ತಾಯಿ ವೀಸಾ ಸಂದರ್ಶನಕ್ಕೆ ರಿಟರ್ನಿನ ಪ್ರತಿ ಜೋಡಿಸಿಕೊಳ್ಳುತ್ತಾರೆ. ಹುಡುಗ ಮನೆ ಕೊಳ್ಳಬೇಕು ಅಂತಿದ್ದಾನೆ, ಈ ವರ್ಷದಿಂದ ಸ್ವಲ್ಪ ಜಾಸ್ತಿ ತೋರಿಸೋಣ ಎಂಬ ಮಾತು ಆಡಿಟರ ಕಚೇರಿಗಳಲ್ಲಿ ಹೊಸದೇನಲ್ಲ. ನಾಡಸೇವೆಯ ಹೆಸರಲ್ಲಿ ಆಗದ್ದು ಗೃಹಸಾಲದ ಹೆಸರಲ್ಲಿ ಆಗುತ್ತದೆ.

ಅಂಗಡಿಯವರ ಹೆದರಿಕೆಗೆ ಹಿಂತಿರುಗಿದರೆ, ಅದರಲ್ಲೊಂದು ದುರಂತದ ಎಳೆ ಇದೆ. ಸಣ್ಣ ವ್ಯಾಪಾರಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿಯಿದೆ. ನಗದು ವಹಿವಾಟಿನ ನೂರಕ್ಕೆ ಎಂಟು ಲಾಭ ಎಂದು ಹಿಡಿದರೆ, ಡಿಜಿಟಲ್ ಆಗಿ ಬಂದದ್ದಕ್ಕೆ ಆರೇ ಸಾಕು. ವರ್ಷಕ್ಕೆ ಕೋಟಿ ರೂಪಾಯಿ ಯುಪಿಐನಲ್ಲಿ ಬಂದರೂ ಲಾಭ ಆರು ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ಕಟ್ಟಬೇಕಾದದ್ದು ಸೊನ್ನೆ. ಜಿಎಸ್‌ಟಿಯಲ್ಲೂ ರಾಜಿ ಪದ್ಧತಿಯಡಿ ವ್ಯಾಪಾರಿಗೆ ನೂರಕ್ಕೆ ಒಂದು. ಕ್ಯೂಆರ್ ಕೋಡ್ ಕಿತ್ತವರು ಓಡಿದ್ದು ತೆರಿಗೆಯಿಂದ ಎನ್ನುವುದಕ್ಕಿಂತ ಇಲಾಖೆಯಿಂದ. ಒಮ್ಮೆ ಹೆಸರು ನೋಂದಾಯಿಸಿದರೆ ಕಾಲಕಾಲಕ್ಕೆ ರಿಟರ್ನು, ಆಡಿಟರ ಫೀಸು, ತಪ್ಪಿದರೆ ದಂಡ, ಯಾವ ಸಾಹೇಬರು ಯಾವಾಗ ಬರುತ್ತಾರೋ ಎಂಬ ಅಳುಕು. ಮೊದಲ ಪತ್ರವೇ ನಾಲ್ಕು ವರ್ಷದ ಬಾಕಿಯ ಬೇಡಿಕೆಯಾಗಿ ಬಂದರೆ ಆ ಅಳುಕು ಸರಿಯೇ ಇತ್ತು ಎಂದಾಗುತ್ತದೆ. 2000ನೇ ಇಸವಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ತಂದಾಗ ನಡೆದದ್ದು ಇದಕ್ಕೆ ವಿರುದ್ಧ. ದರಪಟ್ಟಿ ಬಹಿರಂಗವಾಗಿತ್ತು, ಲೆಕ್ಕ ಮನೆಯವರೇ ಹಾಕಿದರು. ತೆರಿಗೆ ನಿಗದಿ ಮಾಡುವ ಅಧಿಕಾರಿಯ ಕೃಪೆ ಬೇಕಿರಲಿಲ್ಲ. ಪಾಲಿಕೆಯ ಆದಾಯ ಏರಿತು. ಸ್ವಂತ ವಾಸ ಎಂದು ಬರೆದು ಮಹಡಿಯನ್ನು ಬಾಡಿಗೆಗೆ ಕೊಡುವ ಚಾಳಿಯೂ ಜೊತೆಜೊತೆಗೇ ಬೆಳೆಯಿತೆನ್ನಿ.

ಆ ಬಾಡಿಗೆಯೇ ನೋಡಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ನೌಕರ ಮನೆಬಾಡಿಗೆ ಭತ್ಯೆಗೆ ವಿನಾಯಿತಿ ಪಡೆಯಬೇಕಾದರೆ ಜನವರಿ ಹೊತ್ತಿಗೆ ಕಂಪನಿಗೆ ರಸೀದಿ ಕೊಡಬೇಕು. ವರ್ಷದ ಬಾಡಿಗೆ ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಕೂಡ. ಅಪ್ಪನ ಹೆಸರಲ್ಲಿ ಸುಳ್ಳು ರಸೀದಿ ಹರಿದವರು ಬೇಕಾದಷ್ಟು ಮಂದಿ. ಆದರೆ ನಿಜವಾಗಿ ಬಾಡಿಗೆಗಿದ್ದವರು ಪ್ಯಾನ್ ಕೊಡಿ ಸಾರ್ ಎಂದು ಮಾಲೀಕರ ಬೆನ್ನು ಹತ್ತುತ್ತಿದ್ದರು. ಬೇಡ ಮಾರಾಯ, ಬಾಡಿಗೆಯಲ್ಲಿ ಸಾವಿರ ಕಮ್ಮಿ ಮಾಡ್ತೀನಿ ಎಂದು ಮಾಲೀಕರು ನುಣುಚಿಕೊಳ್ಳುತ್ತಿದ್ದರು. ಬಾಡಿಗೆದಾರನ ಲಾಭ ಮಾಲೀಕನ ಆದಾಯವನ್ನು ಬೆಳಕಿಗೆ ಎಳೆಯುತ್ತಿತ್ತು. ಡೆನ್ಮಾರ್ಕಿನ ಪ್ರಯೋಗದಲ್ಲಿ ನೌಕರಿ ಕೊಟ್ಟವರು, ಬ್ಯಾಂಕುಗಳು ಕೊಟ್ಟಂಥ ಮೂರನೆಯವರ ವರದಿ ಎಂದರೆ ಇದೇ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. 2024ರ ಜುಲೈ ಕೊನೆಯೊಳಗೆ ರಿಟರ್ನ್ ಸಲ್ಲಿಸಿದವರಲ್ಲಿ ನೂರಕ್ಕೆ 72 ಮಂದಿ ಹೊಸದನ್ನೇ ಆರಿಸಿಕೊಂಡಿದ್ದರು. ಸುಳ್ಳು ರಸೀದಿಯ ಹಾವಳಿ ತಗ್ಗಿತು, ಒಳ್ಳೆಯದೇ. ತಿಂಗಳ ಬಾಡಿಗೆ 50,000 ಮೀರಿದರೆ ಮಾತ್ರ ಬಾಡಿಗೆದಾರ ಶೇ 2 ಮುರಿದು ಸರ್ಕಾರಕ್ಕೆ ಕಟ್ಟಬೇಕು. ಮೂವತ್ತು ಸಾವಿರದ ಎರಡು ಬೆಡ್‌ರೂಮಿನ ಮನೆಗೆ ಈಗ ಯಾರೂ ಪ್ಯಾನ್ ಕೇಳುವುದಿಲ್ಲ. ಕೇಳಿದವನಿಗೆ ಅದರಿಂದ ಬರುವುದೂ ಏನಿಲ್ಲ.